ಗಾಳಿಮಾತು ನಂಬದ ರಾಯರು

ಬೀದಿಗೊಬ್ಬರು ಇರುತ್ತಾರೆ. ಹಿಂದೆ ಇಂಥವರು ತಾರಸಿ ಹತ್ತಿ ಟಿ.ವಿ. ಆಂಟೆನಾ ತಿರುಗಿಸುತ್ತ ‘ಬಂತಾ?’ ಎಂದು ಕೂಗುತ್ತಿದ್ದರು. ಕೆಳಗಿನಿಂದ ಮನೆಮಂದಿಯೆಲ್ಲ ಸೇರಿ ‘ಬಂತು, ಬಂತು, ಬಂ... ಹೋಯ್ತು’ ಎನ್ನುತ್ತಿದ್ದರು. ಈಗ ಆಂಟೆನಾ ಇಳಿದಿದೆ, ಅವರೂ ತಾರಸಿಯಿಂದ ಇಳಿದು ಪಡಸಾಲೆಗೆ ಬಂದಿದ್ದಾರೆ. ರೂಟರ್ ಮುಂದೆ ಕುಕ್ಕರಗಾಲಲ್ಲಿ ಕೂತು ಅದೇ ರಾಗದಲ್ಲಿ ‘ಬಂತಾ?’ ಎನ್ನುತ್ತಾರೆ.

ಮೈಸೂರಿನ ನಮ್ಮ ಬೀದಿಯ ಪಾಲಿಗೆ ಬಂದವರು ರೂಟರ್ ರಾಯರು. ಅವರ ನಿಜವಾದ ಹೆಸರು ಗೇಟಿನ ಪಕ್ಕ ಕಲ್ಲಿನಲ್ಲಿ ಕೆತ್ತಿದೆ. ಓದುವವರು ಕೊರಿಯರ್ ಹುಡುಗರು ಮಾತ್ರ. ದೂರವಾಣಿ ಇಲಾಖೆಯಲ್ಲಿ 35 ವರ್ಷ ಸೇವೆ ಮಾಡಿ ನಿವೃತ್ತರಾದರು. ಇಲಾಖೆ ಅವರನ್ನು ಬಿಟ್ಟಿತು, ಅವರು ತಂತಿಯನ್ನು ಬಿಡಲಿಲ್ಲ.

ಬೆಳಗ್ಗೆ ಆರೂವರೆಗೆ ಹಾಲು ತರಲು ಹೊರಟರೆ ಕೈಯಲ್ಲಿ ಒಂದು ಬಟ್ಟೆಚೀಲ. ಬರುವಾಗ ಅದರಲ್ಲಿ ಅರ್ಧ ಲೀಟರ್ ಹಾಲು ಇರುತ್ತದೆ. ಹೋಗುವಾಗಲೂ ಬರುವಾಗಲೂ ಇರುವುದು ಕ್ರಿಂಪಿಂಗ್ ಇಕ್ಕಳ, ಟೆಸ್ಟರ್, ಕಪ್ಪು ಟೇಪು, ಜೊತೆಗೆ ಸೋಮವಾರದಿಂದ ಭಾನುವಾರದವರೆಗೆ ಖಾನೆ ಮಾಡಿದ ಮಾತ್ರೆ ಡಬ್ಬಿ. ಸೋಮ, ಮಂಗಳ, ಬುಧವಾರಗಳಲ್ಲಿ ಬಿ.ಪಿ. ಮಾತ್ರೆ, ಗುರುವಾರದಿಂದಾಚೆಗೆ ಕೇಬಲ್ಲಿನ ತುದಿಗೆ ಹಾಕುವ ಪ್ಲಾಸ್ಟಿಕ್ ಪ್ಲಗ್ಗುಗಳು. ‘ಒಂದಲ್ಲ ಒಂದು ಗುರುವಾರ ಇವರು ಪ್ಲಗ್ ನುಂಗಿಬಿಡ್ತಾರೆ’ ಎಂದು ಅವರ ಹೆಂಡತಿ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾರೆ.

ಪ್ರತಿ ಗೇಟಿನ ಮುಂದೆ ಒಂದು ಕ್ಷಣ ನಿಲ್ಲುವುದು ರಾಯರ ರೂಢಿ.

‘ಮೇಷ್ಟ್ರೇ, ಬರ್ತಿದೆಯಾ?’

‘ಬರ್ತಿದೆ ರಾಯರೇ.’

ಇಷ್ಟೇ. ಮುಂದಿನ ಮನೆಗೆ ನಡೆಯುತ್ತಾರೆ. ಬೀದಿಗೆ ಹೊಸದಾಗಿ ಬಂದ ಬಾಡಿಗೆದಾರರೊಬ್ಬರು ಮೊದಲ ದಿನ, ‘ಇನ್ನೂ ಇಲ್ಲ ಸಾರ್, ಒಂಬತ್ತಕ್ಕೆ ಬಿಡ್ತಾರಂತೆ’ ಎಂದರಂತೆ. ಅವರು ಹೇಳಿದ್ದು ನಲ್ಲಿ ನೀರಿನ ವಿಷಯ. ಇಂಟರ್‌ನೆಟ್ಟನ್ನು ಹೊತ್ತು ಗೊತ್ತು ಮಾಡಿ ಬಿಡುವ ಕಂಪನಿ ಯಾವುದೆಂದು ರಾಯರು ಎರಡು ದಿನ ವಿಚಾರಿಸಿದರು.

ರಾಯರ ಸಿದ್ಧಾಂತ ಒಂದೇ ಸಾಲಿನದು: ‘ಗಾಳಿಮಾತು ನಂಬಬೇಡಿ, ತಂತಿ ಎಳೆಸಿ.’ ವೈಫೈ, ಬ್ಲೂಟೂತ್, ಹಾಟ್‌ಸ್ಪಾಟ್ ಎಲ್ಲವೂ ಅವರ ಲೆಕ್ಕದಲ್ಲಿ ಗಾಳಿಮಾತೇ. ಈ ನಂಬಿಕೆಗೆ ಮೂಲ ಒಂದು ಟೆಲಿಫೋನ್ ಕಂಬ.

‘ಟೆಲಿಫೋನ್ ತಂತೀಲಿ ಸುಮ್ಮನಿದ್ದಾಗ 48 ವೋಲ್ಟ್ ಇರುತ್ತೆ ಮೇಷ್ಟ್ರೇ, ಏನೂ ಮಾಡಲ್ಲ. ಗಂಟೆ ಹೊಡೆಯೋವಾಗ ಬರೋದೇ ಬೇರೆ ಕರೆಂಟು. ಒಂದು ದಿನ ಕಂಬ ಹತ್ತಿ ಹಲ್ಲಲ್ಲಿ ತಂತಿ ಸಿಪ್ಪೆ ಸುಲೀತಿದ್ದೆ. ಅದೇ ಹೊತ್ತಿಗೆ ಯಾರೋ ಆ ಮನೆಗೆ ಫೋನ್ ಮಾಡಿದ್ರು. ಮೊದಲು ಎತ್ತಿಕೊಂಡೋನು ನಾನು.’ ಹೇಳುತ್ತ ಒಮ್ಮೆ ದವಡೆ ಸವರಿಕೊಳ್ಳುತ್ತಾರೆ. ‘ಅವತ್ತಿನಿಂದ ಹೇಳ್ತೀನಿ. ತಂತೀಲಿ ಇದೆ ಅಂದ್ರೆ ಇದೆ, ಹಲ್ಲಿಗೇ ಗೊತ್ತಾಗುತ್ತೆ. ಗಾಳೀಲಿ ಇದೆ ಅಂತ ಹೇಳೋದು ಮೊಬೈಲಿನ ಮೂಲೇಲಿರೋ ನಾಲ್ಕು ಗೀಟು. ಅದನ್ನ ನಂಬ್ತೀರಾ?’

ಆದರೂ ಕರೆ ಬಂದರೆ ಗಾಳಿಯ ಕಾಯಿಲೆಗೂ ಮದ್ದು ಕೊಡದೆ ಹೋಗುವುದಿಲ್ಲ. ಮೊದಲ ಮದ್ದು ಎಲ್ಲರಿಗೂ ಗೊತ್ತಿರುವುದೇ: ‘ಆಫ್ ಮಾಡಿ ಆನ್ ಮಾಡಿ.’ ಆದರೆ ರಾಯರ ಆಫ್ ನಮ್ಮ ಆಫ್ ಅಲ್ಲ. ಸ್ವಿಚ್ ಒತ್ತಿ, ಕಣ್ಣು ಮುಚ್ಚಿ, ಒಂದರಿಂದ ಹತ್ತರವರೆಗೆ ಗಟ್ಟಿಯಾಗಿ ಎಣಿಸುತ್ತಾರೆ. ಏಳಕ್ಕೇ ಆನ್ ಮಾಡಲು ಹೋದ ನನ್ನ ಕೈಗೆ ಪೆಟ್ಟು ಬಿದ್ದಿದೆ. ‘ಸ್ವಿಚ್ ಆರಿದರೂ ಒಳಗಿನ ಕೆಪಾಸಿಟರಲ್ಲಿ ಚೂರು ಕರೆಂಟು ಉಳಿದಿರುತ್ತೆ. ಹಳೇ ನೆನಪೆಲ್ಲ ಪೂರ್ತಿ ಹೋಗಬೇಕು. ಜಗಳ ಆಡಿದ ತಕ್ಷಣ ಮಾತಾಡಿಸಿದರೆ ಯಾರು ಸರಿಯಾಗಿ ಮಾತಾಡ್ತಾರೆ?’

ರಾಯರ ನಿಜವಾದ ಪ್ರತಿಭೆ ಇರುವುದು ವಿವರಣೆಯಲ್ಲಿ. ಇಂಟರ್‌ನೆಟ್ ಎಂಬುದು ಅವರ ಬಾಯಲ್ಲಿ ಒಂದು ದೊಡ್ಡ ಮದುವೆಮನೆ. ಮೊಬೈಲು, ಟಿ.ವಿ., ಲ್ಯಾಪ್‌ಟಾಪು ವೈಫೈಗೆ ಸೇರಿಕೊಂಡ ಕೂಡಲೆ ರೂಟರ್ ಪ್ರತಿಯೊಂದಕ್ಕೂ ಒಂದು ಐಪಿ ವಿಳಾಸ ಕೊಡುತ್ತದೆ. ‘ಪಂಕ್ತೀಲಿ ಎಲೆ ತೋರಿಸಿದ ಹಾಗೆ. ಬಂದವರಿಗೆ ಖಾಲಿ ಇರೋ ಎಲೆ. ಎದ್ದು ಹೋದ್ರೆ ಸ್ವಲ್ಪ ಹೊತ್ತಿನ ಮೇಲೆ ಅದೇ ಎಲೆಗೆ ಇನ್ನೊಬ್ಬರು. ನಿಮ್ಮ ಜನ್ಮನಕ್ಷತ್ರ ಬೇರೆ, ಅದು ಕಾರ್ಖಾನೇಲೇ ಬರೆದಿರುತ್ತೆ; ಅದಕ್ಕೆ ಮ್ಯಾಕ್ ವಿಳಾಸ ಅಂತಾರೆ.’

ಹಾಗಾದರೆ ಪ್ರಪಂಚದ ಎಲ್ಲ ಮೊಬೈಲಿಗೂ ಎಲೆ ಸಾಲುತ್ತದೆಯೇ ಎಂದು ಒಮ್ಮೆ ಕೇಳಿದೆ.

‘ಎಲ್ಲಿ ಸಾಲುತ್ತೆ? ಹಳೇ ಪದ್ಧತೀಲಿ ಇರೋದೇ ಸುಮಾರು 430 ಕೋಟಿ ವಿಳಾಸ. ಅದಕ್ಕೇ ಉಪಾಯ. ಬೀದಿಗೆ ಕಾಣೋದು ಮನೆಗೊಂದೇ ಡೋರ್ ನಂಬರು. ಒಳಗೆ ಹದಿನೈದು ಜನ ಇರ್ಲಿ, ಕಾಗದವೆಲ್ಲ ಅದೇ ನಂಬರಿಗೆ ಬರುತ್ತೆ. ಯಾರು ಯಾರಿಗೆ ಬರೆದಿದ್ರು ಅಂತ ಜ್ಞಾಪಕ ಇಟ್ಟುಕೊಂಡು ಹಂಚೋ ಅಜ್ಜಿ ಒಬ್ಬಳು ಬೇಕು. ಆ ಅಜ್ಜಿಯೇ ರೂಟರ್. ಅಜ್ಜಿಗೆ ಮರೆವು ಬಂದ ದಿನ ನೀವು ನನ್ನನ್ನ ಕರೀತೀರಿ.’

ಪಾಠ ಇನ್ನೂ ಇದೆ. ಸಂದೇಶ ಕಳಿಸುವುದರಲ್ಲಿ ಎರಡು ಸಂಪ್ರದಾಯಗಳಂತೆ. ಒಂದು ಟಿಸಿಪಿ, ಅದು ವೇದಪಾಠ. ಗುರು ಹೇಳಬೇಕು, ಶಿಷ್ಯ ಒಪ್ಪಿಸಬೇಕು, ಒಂದಕ್ಷರ ಬಿಟ್ಟುಹೋದರೂ ಮತ್ತೆ ಹೇಳಿಸಬೇಕು. ಬ್ಯಾಂಕಿನ ವ್ಯವಹಾರ, ಇ-ಮೇಲ್ ಎಲ್ಲ ಹೀಗೆ. ಇನ್ನೊಂದು ಯುಡಿಪಿ, ಅದು ಅಕ್ಷತೆ. ಹಿಂದಿನ ಸಾಲಿನಿಂದ ಎಸೆಯುವುದಷ್ಟೇ ನಮ್ಮ ಕೆಲಸ. ವಧೂವರರ ತಲೆ ಮೇಲೆ ಬಿತ್ತೋ, ಪುರೋಹಿತರ ತಲೆ ಮೇಲೆ ಬಿತ್ತೋ, ಯಾರೂ ವಿಚಾರಿಸುವುದಿಲ್ಲ. ವಿಡಿಯೊ ಕರೆ ಸಾಮಾನ್ಯವಾಗಿ ಈ ಪೈಕಿ. ‘ನೆಲಕ್ಕೆ ಬಿದ್ದ ಅಕ್ಷತೆ ಹೆಕ್ಕಿ ಮತ್ತೆ ಹಾಕ್ತೀನಿ ಅಂತ ಕೂತರೆ ಅಷ್ಟರಲ್ಲಿ ತಾಳಿ ಕಟ್ಟಿ ಆಗಿರುತ್ತೆ. ಅದಕ್ಕೇ ನಿಮ್ಮ ಮಗಳ ಮುಖ ಚೂರು ಚೂರಾದರೂ ಮಾತು ಮುಂದಕ್ಕೆ ಹೋಗ್ತಾ ಇರುತ್ತೆ.’

ಎಲ್ಲಕ್ಕಿಂತ ಅವರಿಗೆ ಪ್ರಿಯವಾದದ್ದು ಪಿಂಗ್. ಒಂದು ಯಂತ್ರ ಇನ್ನೊಂದಕ್ಕೆ ‘ಇದ್ದೀಯಾ?’ ಎನ್ನುತ್ತದೆ, ಆ ಕಡೆಯದು ‘ಇದ್ದೀನಿ’ ಎನ್ನುತ್ತದೆ. ಹೋಗಿ ಬರಲು ಎಷ್ಟು ಹೊತ್ತಾಯಿತೆಂದು ಮಿಲಿಸೆಕೆಂಡಿನಲ್ಲಿ ಬರೆದು ತೋರಿಸುತ್ತದೆ. 1983ರಲ್ಲಿ ಅಮೆರಿಕದ ಸೈನ್ಯದ ಪ್ರಯೋಗಾಲಯದಲ್ಲಿದ್ದ ಮೈಕ್ ಮೂಸ್ ಬರೆದ ಪುಟ್ಟ ಪ್ರೋಗ್ರಾಂ ಅದು. ನೀರೊಳಗಿನ ಸೋನಾರ್ ಸದ್ದಿನಿಂದ ಹೆಸರು ಬಂತು. ‘ವಿಷಯ ಇಲ್ಲ, ವಾರ್ತೆ ಇಲ್ಲ. ಓ ಅಂದ್ರೆ ಓ ಅನ್ನಬೇಕು, ಅಷ್ಟೇ. ಇದಕ್ಕಿಂತ ದೊಡ್ಡ ಮಾತು ಇನ್ನೇನಿದೆ ಮೇಷ್ಟ್ರೇ?’

ಇಂಥ ರಾಯರ ಸಿದ್ಧಾಂತಕ್ಕೆ ಪರೀಕ್ಷೆ ಬಂದದ್ದು ನಮ್ಮ ಮನೆಯ ಸತ್ಯನಾರಾಯಣ ಪೂಜೆಯ ದಿನ. ಮಗಳು ಡಲ್ಲಾಸಿನಲ್ಲಿದ್ದಾಳೆ. ನಮಗೆ ಬೆಳಗ್ಗೆ ಒಂಬತ್ತು ಎಂದರೆ ಅವಳಿಗೆ ಹಿಂದಿನ ರಾತ್ರಿ ಹತ್ತೂವರೆ. ಮಗು ಮಲಗಿಸಿ ಕೂರುತ್ತೇನೆ, ಪೂಜೆ ಪೂರ್ತಿ ತೋರಿಸಿ ಎಂದಿದ್ದಳು. ಹಿಂದಿನ ದಿನ ಪರೀಕ್ಷಿಸಿ ನೋಡಿದರೆ ದೇವರ ಮಂಟಪದ ಮುಂದೆ ವೈಫೈ ನಿಲ್ಲುತ್ತಿಲ್ಲ. ಮಗಳ ಒಂದು ಕಣ್ಣು ಅರ್ಧ ಮುಚ್ಚಿದಲ್ಲೇ ನಿಂತಿತು. ರಾಯರು ಬಂದರು.

‘ರೂಟರ್ ಎಲ್ಲಿ?’

ನನ್ನಾಕೆ ಸುಮ್ಮನಾದಳು. ಎರಡು ಕೊಂಬಿನ ಆ ಪೆಟ್ಟಿಗೆ ಪಡಸಾಲೆಯ ಅಂದ ಕೆಡಿಸುತ್ತದೆಂದು ಅವಳು ಅದನ್ನು ಸ್ಟೀಲ್ ಬೀರುವಿನ ಹಿಂದೆ ಸೇರಿಸಿ, ಮುಂದೆ ಪೂಜೆಗೆಂದು ನೀರು ತುಂಬಿದ ಎರಡು ಕೊಡಪಾನ ಇಟ್ಟಿದ್ದಳು.

ರಾಯರು ಬೀರುವನ್ನೊಮ್ಮೆ, ಕೊಡಪಾನಗಳನ್ನೊಮ್ಮೆ ನೋಡಿದರು. ‘ತಾಯೀ, ಲೋಹ ತಿರುಗಿಸಿ ಒದೆಯುತ್ತೆ, ನೀರು ಕುಡಿದುಬಿಡುತ್ತೆ. ವೈಫೈಗೆ ಇರೋದೇ ಇವರಿಬ್ಬರು ದೊಡ್ಡ ಶತ್ರುಗಳು, ಇಬ್ಬರನ್ನೂ ಕಾವಲಿಗೆ ನಿಲ್ಲಿಸಿದ್ದೀರಿ. ಮೇಲೆ ಈ ಗೋಡೆ, ಒಂದೂವರೆ ಅಡಿ. ಮೇಷ್ಟ್ರ ತಂದೆ ಕಳ್ಳರು ಬರಬಾರದು ಅಂತ ಕಟ್ಟಿಸಿದ್ದು.’ ಅಷ್ಟರಲ್ಲಿ ಅಡುಗೆಮನೆಯಲ್ಲಿ ಮೈಕ್ರೊವೇವ್ ಗುಂಯ್ ಎಂದಿತು. ‘ಅದೂ ಸೇರಿತಾ? ವೈಫೈ ಮಾತಾಡೋದು 2.4 ಗಿಗಾಹರ್ಟ್ಸಲ್ಲಿ, ನಿಮ್ಮ ಒಲೆ ಸಾರು ಕಾಯಿಸೋದೂ ಅಲ್ಲೇ. ಅಕ್ಕಪಕ್ಕದ ಐದು ಮನೆ ರೂಟರ್‌ಗಳೂ ಅಲ್ಲೇ. ಒಬ್ಬರು ಮಾತಾಡೋವಾಗ ಇನ್ನೊಬ್ಬರು ಬಾಯಿ ಮುಚ್ಚಿಕೊಂಡಿರಬೇಕು ಅನ್ನೋದು ವೈಫೈ ಕಾನೂನು. ಎಲ್ಲರೂ ಸಭ್ಯರಾದರೆ ಯಾರ ಮಾತೂ ಮುಗಿಯಲ್ಲ. ಅದಕ್ಕೇ ಹೇಳಿದ್ದು...’

‘ತಂತಿ ಎಳೆಸಿ’ ಎಂದು ನಾವಿಬ್ಬರೂ ಒಟ್ಟಿಗೆ ಹೇಳಿದೆವು.

ಆಮೇಲೆ ನಡೆದದ್ದು ಒಂದು ಪೂಜೆಯೇ. ರಾಯರು ಚಕ್ಕಳಮಕ್ಕಳ ಹಾಕಿ ಕೂತು, ಕೇಬಲ್ಲಿನ ತುದಿ ಸುಲಿದು, ಒಳಗಿನ ಎಂಟು ಎಳೆಗಳನ್ನು ಬಿಡಿಸಿದರು. ಎರಡೆರಡೇ ಸೇರಿ ನಾಲ್ಕು ಜೋಡಿ, ಪ್ರತಿ ಜೋಡಿಯೂ ಒಂದಕ್ಕೊಂದು ಹೊಸೆದುಕೊಂಡಿದೆ. ‘ಯಾಕೆ ಹೊಸೆದಿರೋದು ಗೊತ್ತಾ? ಹೊರಗಿನ ಗಲಾಟೆ ಬಂದ್ರೆ ಇಬ್ಬರಿಗೂ ಒಂದೇ ಸಮ ತಟ್ಟುತ್ತೆ. ಆ ತುದೀಲಿ ಒಂದರಿಂದ ಒಂದನ್ನ ಕಳೀತಾರೆ, ಗಲಾಟೆ ಸೊನ್ನೆ, ಮಾತು ಉಳಿಯುತ್ತೆ. ದಾಂಪತ್ಯ!’ ಎಂದು ಎಳೆಗಳನ್ನು ಬೆರಳಿನಿಂದ ನೇರ ಮಾಡಿ, ಆಚಮನದ ಗಾಂಭೀರ್ಯದಲ್ಲಿ ಶುರು ಮಾಡಿದರು: ‘ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.’ ಹಸಿರು ಜೋಡಿಯನ್ನು ಅಗಲಿಸಿ ನಡುವೆ ನೀಲಿ ಜೋಡಿ ಕೂತದ್ದು ಯಾಕೆಂದು ಕೇಳಿದೆ. ರಾಯರ ಕಣ್ಣು ತೇವವಾಯಿತು. ‘ನಡುವಿನ ಎರಡು ಪಿನ್ನು ಹಳೇ ಟೆಲಿಫೋನಿನ ಜಾಗ ಮೇಷ್ಟ್ರೇ. ಕಂಪ್ಯೂಟರ್ ಬಂದ ಮೇಲೂ ಹಿರಿಯರನ್ನ ನಡುಮನೆಯಿಂದ ಎಬ್ಬಿಸಲಿಲ್ಲ.’ ಇಕ್ಕಳ ಕಟಕ್ ಎಂದಿತು.

ಕೇಬಲ್ ಸಿದ್ಧವಾಯಿತು. ಆದರೆ ಅಳಿಯ ತಂದುಕೊಟ್ಟ ತೆಳು ಲ್ಯಾಪ್‌ಟಾಪಿನಲ್ಲಿ ಅದನ್ನು ಸಿಕ್ಕಿಸಲು ತೂತೇ ಇಲ್ಲ. ರಾಯರು ಅದನ್ನು ನಾಲ್ಕೂ ಕಡೆಯಿಂದ ತಿರುಗಿಸಿ ನೋಡಿದರು. ‘ಇಷ್ಟು ದುಡ್ಡು ಕೊಟ್ಟು ಕಿವಿ ಇಲ್ಲದ್ದು ತಂದಿದ್ದಾರಲ್ಲ!’ ಮಾತ್ರೆ ಡಬ್ಬಿಯ ಭಾನುವಾರದ ಖಾನೆಯಿಂದ ಒಂದು ಪುಟ್ಟ ಅಡಾಪ್ಟರ್ ಹೊರಬಂತು. ಸಿಕ್ಕಿಸಿದರು. ಡಲ್ಲಾಸಿನ ಮುಖ ಹೊಳೆಯಿತು, ಎರಡೂ ಕಣ್ಣು ಒಟ್ಟಿಗೆ ಮಿಟುಕಿದವು. ರಾಯರು ಗಾಳಿಯ ಕಡೆ ತಿರಸ್ಕಾರದಿಂದ ನೋಡಿದರು.

ಮರುದಿನ ಐದು ಅಧ್ಯಾಯವೂ ಸುಸೂತ್ರವಾಗಿ ನಡೆದವು. ಸಾಧುವೈಶ್ಯನ ಹಡಗು ಮುಳುಗಿದ್ದು, ತೇಲಿದ್ದು, ಎಲ್ಲವನ್ನೂ ಮಗಳು ಒಂದು ಕ್ಷಣವೂ ತಪ್ಪದೆ ನೋಡಿದಳು. ಮಂಗಳಾರತಿಗೆ ಎಲ್ಲರೂ ಎದ್ದರು. ನಮ್ಮತ್ತಿಗೆ ಸಪಾದಭಕ್ಷ್ಯದ ಪಾತ್ರೆ ಹಿಡಿದು ಅಡುಗೆಮನೆಯಿಂದ ಬಂದರು. ನೆಲದುದ್ದಕ್ಕೂ ಹಾವಿನಂತೆ ಮಲಗಿದ್ದ ಕೇಬಲ್ ಅವರ ಕಾಲುಂಗುರಕ್ಕೆ ಸಿಕ್ಕಿತು. ಪಾತ್ರೆ ಉಳಿಯಿತು, ಅತ್ತಿಗೆಯೂ ಉಳಿದರು. ಪ್ಲಗ್ಗಿನ ತುದಿಯಲ್ಲಿ ಪಿಳ್ಳೆಯಂಥ ಒಂದು ಕೊಂಡಿ ಇರುತ್ತದಲ್ಲ, ಅದು ಮುರಿದು ಎಲ್ಲೋ ಹಾರಿತು. ಪ್ಲಗ್ಗು ಜಾರಿತು. ಶಂಖ, ಜಾಗಟೆ ಮೊಳಗುತ್ತಿದ್ದಂತೆ ಮಗಳು ಕೈಮುಗಿದ ಭಂಗಿಯಲ್ಲೇ ಕಲ್ಲಾದಳು.

ಬಾಡಿಗೆದಾರರ ಹತ್ತನೇ ಕ್ಲಾಸಿನ ಹುಡುಗ ಸದ್ದಿಲ್ಲದೆ ಬಂದು, ತನ್ನ ಮೊಬೈಲಿನ ಹಾಟ್‌ಸ್ಪಾಟ್ ಹಾಕಿ, ಲ್ಯಾಪ್‌ಟಾಪಿಗೆ ಜೋಡಿಸಿದ. ಅರ್ಧ ನಿಮಿಷ. ಮಗಳಿಗೆ ಜೀವ ಬಂತು. ಅವಳು ಡಲ್ಲಾಸಿನಲ್ಲಿ ಕೂತೇ ಆರತಿ ಕಣ್ಣಿಗೊತ್ತಿಕೊಂಡಳು.

ಎಲ್ಲರೂ ರಾಯರನ್ನು ನೋಡಿದರು. ಗಾಳಿ ಗೆದ್ದಿತ್ತು. ರಾಯರು ಕೊಂಡಿ ಮುರಿದ ಪ್ಲಗ್ಗನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದರು. ತೀರ್ಥ ತೆಗೆದುಕೊಂಡ ಮೇಲೆ ತಲೆ ಎತ್ತಿ ಹುಡುಗನನ್ನು ಕರೆದರು.

‘ಬಾಪ್ಪ ಇಲ್ಲಿ. ನಿನ್ನ ಮೊಬೈಲಿಂದ ಗಾಳೀಲಿ ಹೋದದ್ದು ಎಲ್ಲಿ ತನಕ?’

‘ಟವರ್ ತನಕ, ತಾತ.’

‘ಟವರಿನ ಬುಡದಿಂದ?’

ಹುಡುಗ ತಲೆ ಕೆರೆದುಕೊಂಡ.

‘ಫೈಬರ್ರು! ಕೂದಲಷ್ಟು ಸಣ್ಣ ಗಾಜಿನ ಎಳೆ. ಅದರೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತೆ. ಚೆನ್ನೈಗೋ ಮುಂಬೈಗೋ ಹೋಗಿ ಸಮುದ್ರಕ್ಕಿಳಿಯುತ್ತೆ. ನಡುಗಡಲಿನ ತಳದಲ್ಲಿ ನಿಮ್ಮ ತೋಟಕ್ಕೆ ನೀರು ಬಿಡೋ ಪೈಪಿನಷ್ಟೇ ದಪ್ಪದ ಕೇಬಲ್ಲು ಮಲಗಿರುತ್ತೆ. ಖಂಡದಿಂದ ಖಂಡಕ್ಕೆ ಹೋಗೋ ಮಾತು ಬಹುಪಾಲು ಅದರಲ್ಲೇ. ಗಾಳೀಲಿ ಹೋದದ್ದು ಬೀದಿ ಕೊನೆ ತನಕ. ಉಳಿದದ್ದೆಲ್ಲ ತಂತಿ.’ ಪಾತ್ರೆಯಿಂದ ಇನ್ನೊಂದು ಸೌಟು ಸಜ್ಜಿಗೆ ಹಾಕಿಸಿಕೊಂಡರು. ‘ಸಮುದ್ರದಲ್ಲಿ ನಿಮ್ಮತ್ತಿಗೆ ಓಡಾಡಲ್ಲ, ಅದೊಂದೇ ವ್ಯತ್ಯಾಸ.’

ಹೋದ ತಿಂಗಳು ರಾಯರು ಹುಬ್ಬಳ್ಳಿಯ ಮಗಳ ಮನೆಗೆ ಹೋದರು, ಹದಿನೈದು ದಿನ. ಮೊದಲ ಬೆಳಗ್ಗೆ ಆರೂವರೆಗೆ ಗೇಟಿನ ಹತ್ತಿರ ಹೋಗಿ ನಿಂತೆ, ಯಾರೂ ಕೇಳಲಿಲ್ಲ. ಎರಡನೆಯ ದಿನ ಎದುರು ಮನೆಯವರೂ ಗೇಟಿನ ಹತ್ತಿರ ನಿಂತಿದ್ದರು. ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಇಂಟರ್‌ನೆಟ್ ಚೆನ್ನಾಗಿಯೇ ಬರುತ್ತಿತ್ತು. ಬರುತ್ತಿದೆ ಎಂದು ಹೇಳಲು ಯಾರೂ ಇರಲಿಲ್ಲ. ನಾಲ್ಕನೆಯ ದಿನ ನನ್ನಾಕೆ, ‘ರಾಯರಿಗೊಂದು ಫೋನ್ ಮಾಡಿ, ರೂಟರ್ ಆಫ್ ಮಾಡಿ ಆನ್ ಮಾಡಬೇಕಾ ಕೇಳಿ’ ಎಂದಳು.

‘ಯಾಕೆ? ಸರಿಯಾಗೇ ಇದೆಯಲ್ಲ.’

‘ಸುಮ್ಮನೆ ಕೇಳಿ.’

ಫೋನ್ ಮಾಡಿದೆ. ‘ರಾಯರೇ, ಇದ್ದೀರಾ?’

ಆ ಕಡೆ ಒಂದು ಕ್ಷಣ ಮೌನ. ಆಮೇಲೆ ದನಿ ಬಂತು.

‘ಇದ್ದೀನಿ ಮೇಷ್ಟ್ರೇ, ಇದ್ದೀನಿ.’ ಮತ್ತೆ ಮೌನ. ‘ಆದ್ರೆ ನಿಮ್ಮ ಮಾತು ಒಂಚೂರು ತಡವಾಗಿ ಬರ್ತಿದೆ. ವೈಫೈ ಕಾಲಿಂಗ್ ಹಾಕಿದ್ದೀರಾ? ಕೊಡಪಾನ ಮತ್ತೆ ಎಲ್ಲಿಟ್ಟಿದ್ದಾರೆ ಅಂತ ತಾಯಿಯವರನ್ನ ಕೇಳಿ.’