ನಾಮಗಣಿತ ಮೀಮಾಂಸೆ

ಅಂತರ್ಜಾಲದ ಗಾತ್ರ ಎಷ್ಟೆಂದು ತಿಳಿಯಬಯಸುವವನು ಮೊದಲು ಅಂತರ್ಜಾಲ ನೋಡುವ ಚಟ ಬಿಡಬೇಕು. ನೋಡಿದರೆ ಗೊಂದಲವೇ. ಅಲ್ಲಿರುವ ಡೊಮೈನ್ ಹೆಸರುಗಳನ್ನು ಎಣಿಸಿದರೆ ಸಾಕು. ಹೆಸರುಗಳ ಸಂಖ್ಯೆಯೇ ಗಾತ್ರ, ಆ ಸಂಖ್ಯೆ ಏರಿದರೆ ಅದೇ ಬೆಳವಣಿಗೆ ಎಂಬುದು ನಮ್ಮ ಸಿದ್ಧಾಂತ. ರೂಪಕ್ಕಿಂತ ನಾಮ ದೊಡ್ಡದೆಂದು ದಾಸರ ನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಶಾಸ್ತ್ರದ ಆದ್ಯಾಚಾರ್ಯರು ಅಮೆರಿಕದ ಮಾರ್ಕ್ ಲಾಟರ್. 1981ರ ಆಗಸ್ಟಿನಲ್ಲಿ ಜಾಲದಲ್ಲಿ 213 ಇದ್ದ ಯಂತ್ರಗಳು 1991ರ ಅಕ್ಟೋಬರ್ ಹೊತ್ತಿಗೆ 6,17,000 ಆದವೆಂದು 1992ರಲ್ಲಿ ಪ್ರಕಟಿಸಿದವರು ಅವರೇ. ಅವರ ವಿಧಾನ ಸರಳ: ಪ್ರತಿ ಡೊಮೈನಿನ ಸರ್ವರ್ ಬಳಿ ಹೋಗಿ “ನಿಮ್ಮಲ್ಲಿರುವವರ ಪಟ್ಟಿ ಕೊಡಿ” ಎನ್ನುವುದು. ಆಗಿನ ಸರ್ವರ್‌ಗಳು ಸಂಭಾವಿತರು, ಕೊಡುತ್ತಿದ್ದವು. ಬರಬರುತ್ತಾ ಪಟ್ಟಿ ಕೊಡಲೊಲ್ಲದವರು ಹೆಚ್ಚಿ, 1998ರಲ್ಲಿ ವಿಧಾನವನ್ನೇ ತಿರುವುಹಾಕಬೇಕಾಯಿತು. ಒಂದೊಂದೇ ಐಪಿ ವಿಳಾಸದ ಕದ ತಟ್ಟಿ “ಇಲ್ಲಿರುವವರ ಹೆಸರೇನು?” ಎಂದು ಕೇಳುವುದು. ಹೆಸರಿಲ್ಲದವರು ಇಲ್ಲವೆಂದೇ ಲೆಕ್ಕ. ಈ ನಿಯಮ ನಮಗೆ ಬಹಳ ಹಿಡಿಸಿದೆ.

ಆ ಕಾಲದ ಗಣತಿಗಳಲ್ಲಿ ಯಂತ್ರಗಳಿಗೆ ಅತಿ ಹೆಚ್ಚು ಇಟ್ಟಿದ್ದ ಹೆಸರುಗಳ ಪಟ್ಟಿಯೂ ಇರುತ್ತಿತ್ತು. ಮೊದಲ ಸಾಲಿನಲ್ಲೇ ವೀನಸ್, ಮಾರ್ಸ್, ಜುಪಿಟರ್, ಸ್ಯಾಟರ್ನ್. ಅಂದರೆ ಶುಕ್ರ, ಕುಜ, ಗುರು, ಶನಿ. ಅಂತರ್ಜಾಲ ಹುಟ್ಟಿನಿಂದಲೇ ಗ್ರಹಚಾರಕ್ಕೆ ಒಳಪಟ್ಟಿತ್ತು ಎಂಬುದಕ್ಕೆ ಬೇರೆ ಪುರಾವೆ ಬೇಕೆ? ಪ್ಲೂಟೊ ಕೂಡ ಅಲ್ಲಿತ್ತು. ಅದು ಪಂಚಾಂಗಕ್ಕೆ ಸೇರಿದ್ದಲ್ಲವಾದ್ದರಿಂದ ಕೈಬಿಟ್ಟಿದ್ದೇವೆ.

ಇನ್ನು ಪೂರ್ವಪಕ್ಷ. ಹೆಸರಿದ್ದ ಮಾತ್ರಕ್ಕೆ ಅದರ ಹಿಂದೆ ಏನಾದರೂ ಇರಲೇಬೇಕೆ ಎಂದು ಕೆಲವರು ಕೊಂಕು ತೆಗೆಯುತ್ತಾರೆ. 1985ರ ಮಾರ್ಚ್ 15ರಂದು ನೋಂದಣಿಯಾದ ಮೊತ್ತಮೊದಲ ಡಾಟ್‌ಕಾಂ ಹೆಸರು ಸಿಂಬಾಲಿಕ್ಸ್. ಅದನ್ನು ಪಡೆದ ಕಂಪ್ಯೂಟರ್ ಕಂಪನಿ ದಿವಾಳಿಯೆದ್ದಿತು. ಹೆಸರು 2009ರಲ್ಲಿ ಮತ್ತೊಬ್ಬರಿಗೆ ಮಾರಾಟವಾಯಿತು. ದೇಹ ಹೋದರೂ ನಾಮ ಉಳಿಯಿತು. ಆಕ್ಷೇಪಕ್ಕೆ ತಂದ ಉದಾಹರಣೆ ನಮ್ಮ ಪಕ್ಷವನ್ನೇ ಎತ್ತಿಹಿಡಿದಿದೆ.

ಮುಂದಿನ ಆಕ್ಷೇಪ ಟೊಕೆಲಾವ್‌ನದು. ಶಾಂತ ಸಾಗರದಲ್ಲಿ ನ್ಯೂಜಿಲೆಂಡಿನ ಆಡಳಿತಕ್ಕೆ ಸೇರಿದ ಮೂರು ಹವಳದ್ವೀಪಗಳು. ಜನಸಂಖ್ಯೆ ಸುಮಾರು 1,500. ವಿಮಾನ ನಿಲ್ದಾಣವಿಲ್ಲ, ಸಮೋವಾದಿಂದ ದೋಣಿಯಲ್ಲೇ ಹೋಗಬೇಕು. ಈ ನಾಡಿಗೆ ಸೇರಿದ ಡಾಟ್ ಟಿಕೆ ಹೆಸರುಗಳು ಒಂದು ಕಾಲಕ್ಕೆ 2 ಕೋಟಿ ದಾಟಿದ್ದವು. ಭಾಗಿಸಿದರೆ ತಲೆಗೆ 13,000ಕ್ಕೂ ಹೆಚ್ಚು. ಹಸುಗೂಸಿಗೂ ಅಷ್ಟೇ ಪಾಲು. ಹೆಸರನ್ನು ಪುಕ್ಕಟೆ ಹಂಚುತ್ತಿದ್ದರು, ಪಡೆದವರು ಹೊರಗಿನವರು, ಅವರಲ್ಲಿ ವಂಚಕರೂ ಬೇಕಾದಷ್ಟಿದ್ದರು, ಅವಧಿ ಮುಗಿದ ಹೆಸರುಗಳಿಗೆ ಜಾಹೀರಾತು ಅಂಟಿಸಿ ಲೆಕ್ಕದಲ್ಲೇ ಉಳಿಸಿಕೊಳ್ಳುತ್ತಿದ್ದರು ಎಂದೆಲ್ಲ ವಿವರ ಕೊಡುವವರಿದ್ದಾರೆ. ಅವರು ಹೇಳುವುದು ನಿಜವೇ. ಆದರೆ ಗಣಿತಕ್ಕೆ ಕಾರಣ ಬೇಡ, ಮೊತ್ತ ಸಾಕು. 2023ರಲ್ಲಿ ಹೊಸ ನೋಂದಣಿ ನಿಂತು, ಮುಂದಿನ ವರ್ಷದೊಳಗೆ ಲಕ್ಷಾಂತರ ಹೆಸರುಗಳು ಮಾಯವಾದವು. ಹಾಗಾದರೆ ಅಂತರ್ಜಾಲ ಅಷ್ಟು ಕುಗ್ಗಿತೆಂದೇ ಬರೆದುಕೊಳ್ಳಬೇಕು. ಯಾರಿಗೂ ಗೊತ್ತಾಗಲಿಲ್ಲ ಎಂಬುದು ಬೇರೆ ಮಾತು.

ಇನ್ನೊಂದು ಆಕ್ಷೇಪ ಐದೇ ದಿನ ಬಾಳುವ ಹೆಸರುಗಳದು. ನೋಂದಾಯಿಸಿದ ಹೆಸರನ್ನು ಐದು ದಿನದೊಳಗೆ ಹಿಂದಿರುಗಿಸಿದರೆ ಹಣ ವಾಪಸ್ಸು ಎಂಬ ನಿಯಮವಿತ್ತು. ಸೀರೆ ಉಟ್ಟು ಮದುವೆ ಮುಗಿಸಿಕೊಂಡು ಬಂದು “ಬಣ್ಣ ಹಿಡಿಸಲಿಲ್ಲ” ಎಂದು ಅಂಗಡಿಗೆ ಮರಳಿಸುವವರಂತೆ, ವ್ಯಾಪಾರಿಗಳು ಲಕ್ಷಗಟ್ಟಲೆ ಹೆಸರು ಹಿಡಿದು, ಜಾಹೀರಾತಿನ ಕಾಸು ಎಣಿಸಿ, ಐದನೇ ದಿನ ಬಿಟ್ಟುಬಿಡುತ್ತಿದ್ದರು. ಈ ಹೆಸರುಗಳ ಉಸ್ತುವಾರಿ ಸಂಸ್ಥೆಯಾದ ಐಕ್ಯಾನ್ ಮಿತಿಮೀರಿದ ವಾಪಸಾತಿಗೆ ಶುಲ್ಕ ಹಾಕಿದ್ದೇ ತಡ, 2009ರ ಹೊತ್ತಿಗೆ ಈ ಆಟ ಶೇಕಡಾ 99ಕ್ಕೂ ಹೆಚ್ಚು ಇಳಿಯಿತು. ಬೆಳವಣಿಗೆಯನ್ನು ಹೀಗೆ ಕೈಯಾರೆ ಹಿಸುಕಿದ್ದನ್ನು ನಾಮಗಣಿತಜ್ಞರು ಇಂದಿಗೂ ಕ್ಷಮಿಸಿಲ್ಲ.

ಕೊನೆಯದಾಗಿ ಕನ್ನಡದ ಲೆಕ್ಕ. ಕನ್ನಡ ವಿಕಿಪೀಡಿಯದಲ್ಲಿ ಸಾವಿರಾರು ಲೇಖನಗಳಿವೆ, ಬರೆಯುವವರಿದ್ದಾರೆ, ಓದುವವರೂ ಇದ್ದಾರೆ. ಆದರೆ ಅದಕ್ಕೆ ಸ್ವಂತ ಡೊಮೈನ್ ಇಲ್ಲ. ವಿಕಿಪೀಡಿಯ ಡಾಟ್ ಆರ್ಗ್ ಎಂಬ ಒಂದೇ ನೋಂದಣಿಯಡಿ ಎಲ್ಲ ಭಾಷೆಗಳ ಜೊತೆ ಅದೂ ಒಂದು ಉಪನಾಮ. ನಮ್ಮ ಸೂತ್ರದ ಪ್ರಕಾರ ಅದರ ಗಾತ್ರ ಸೊನ್ನೆ.