ಮಾರ್ಚ್ ತಿಂಗಳ ಆಪ್ತರಿಗೆ

ದೇಣಿಗೆ ಸಂಗ್ರಹ ವಿಭಾಗದ ಸನ್ಮಿತ್ರರೇ,

ಈ ವರ್ಷವೂ ಮಾರ್ಚ್ ಕೊನೆಗೆ ಸರಿಯಾಗಿ ನಿಮ್ಮ ಕರೆ ಬಂತು. ವಾರ್ಷಿಕ ವರದಿಯಲ್ಲಿ ನೀವು ‘ದಾನಿಗಳೊಂದಿಗೆ ದೀರ್ಘಕಾಲದ ಬಾಂಧವ್ಯ’ ಎಂದು ಅಚ್ಚು ಹಾಕಿಸಿರುವುದು ಇದನ್ನೇ ಇರಬೇಕು. ಏಪ್ರಿಲ್‌ನಿಂದ ಫೆಬ್ರವರಿವರೆಗೆ ನನಗೆ ತೊಂದರೆ ಕೊಡಬಾರದೆಂಬ ನಿಮ್ಮ ಸಂಕೋಚಕ್ಕೆ ಋಣಿ.

ಪತ್ರಗಳೂ ತಲುಪುತ್ತಿವೆ. ಪ್ಯಾನ್ ಕಾರ್ಡಿನಲ್ಲಿ ಇನಿಷಿಯಲ್ ಬಿಡಿಸಿ ಬರೆದ ಕಾರಣ ಊರಿನ ಹೆಸರು ಮುಂದೆ, ಅಪ್ಪನದು ನಡುವೆ, ನನ್ನದು ಕೊನೆಗೆ. ನಿಮ್ಮ ಕಂಪ್ಯೂಟರ್ ಮೊದಲು ಸಿಕ್ಕಿದ್ದನ್ನೇ ಹಿಡಿದು ‘ಪ್ರಿಯ ಹೊಳೆನರಸೀಪುರ’ ಎನ್ನುತ್ತದೆ. ಒಬ್ಬನ ದೇಣಿಗೆಗೆ ಇಡೀ ತಾಲ್ಲೂಕಿಗೇ ಕೃತಜ್ಞತೆ ಹೇಳುವ ದೊಡ್ಡ ಮನಸ್ಸು ಯಾರಿಗಿದ್ದೀತು! ಫೋನಿನಲ್ಲಿ ಒಮ್ಮೆ ಹೇಳಿದ್ದೆ. ‘ಶೂರ್ ಸರ್, ಅಪ್‌ಡೇಟ್ ಮಾಡ್ತೀವಿ’ ಎಂದ ಹುಡುಗ ಮರುವರ್ಷ ಕೆಲಸದಲ್ಲಿರಲಿಲ್ಲ. ಅವನ ಜಾಗಕ್ಕೆ ಬಂದ ಹುಡುಗಿ, ನಾನು ಹಿಂದೆ ಏನಾದರೂ ಕೊಟ್ಟಿದ್ದೇನೆಯೇ ಎಂದು ನನ್ನನ್ನೇ ಕೇಳಿದಳು. ಪಾಪ, ಅವಳ ತಪ್ಪಲ್ಲ. ಅವಳ ಮುಂದಿದ್ದದ್ದು ಟಾರ್ಗೆಟ್, ನಾನಲ್ಲ. ಕೊನೆಗೆ 80ಜಿ ತೆರಿಗೆ ವಿನಾಯಿತಿಯ ಆಸೆ ತೋರಿಸಿದಳು. ಹೊಸ ತೆರಿಗೆ ಪದ್ಧತಿಗೆ ಹೋದವನಿಗೆ ಆ ವಿನಾಯಿತಿಯೇ ಇಲ್ಲವಮ್ಮ ಎಂದೆ. ಹಾಗಿದ್ದೂ ಈ ಮನುಷ್ಯ ಯಾಕೆ ಕೊಡುತ್ತಿದ್ದಾನೆ ಎಂದು ಕೇಳುವ ಕುತೂಹಲ ನಿಮ್ಮಲ್ಲಿ ಇದುವರೆಗೆ ಯಾರಿಗೂ ಹುಟ್ಟಿಲ್ಲ.

ನಮ್ಮೂರ ದೇವಸ್ಥಾನದ ಕಚೇರಿಯವರು ನಿಮ್ಮಷ್ಟು ಓದಿದವರಲ್ಲ. ತಾತ ಎಂದೋ ಶಾಶ್ವತ ಸೇವೆಗೆ ಕಟ್ಟಿದ ಹಣ ಬ್ಯಾಂಕಿನಲ್ಲಿ ಇಡುಗಂಟಾಗಿದೆ, ಬಡ್ಡಿಯಲ್ಲಿ ವರ್ಷಕ್ಕೊಂದು ಪೂಜೆ. ಆ ಬಡ್ಡಿ ಈಗ ಅಂಚೆ ಖರ್ಚಿಗೂ ಸಾಲದು. ಆದರೂ ತಾತನ ಜನ್ಮನಕ್ಷತ್ರದ ಆಸುಪಾಸಿಗೆ ಲಕೋಟೆಯಲ್ಲಿ ಕುಂಕುಮ, ಒಣಗಿದ ಹೂವಿನೆಸಳು ಬರುತ್ತವೆ. ಮೊದಲು ತಾತನ ಹೆಸರಿಗೆ, ಆಮೇಲೆ ಅಪ್ಪನಿಗೆ, ಈಗ ನನಗೆ. ಮನೆ ಬದಲಿಸಿದಾಗ ಒಂದು ಕಾರ್ಡು ಹಾಕಿದೆವು, ರಿಜಿಸ್ಟರಿನಲ್ಲಿ ತಿದ್ದಿಕೊಂಡರು. ಗುಮಾಸ್ತ ಬದಲಾಗಿದ್ದಾನೆ, ರಿಜಿಸ್ಟರ್ ಬದಲಾಗಿಲ್ಲ. ಮೊನ್ನೆ ಚಾವಣಿ ರಿಪೇರಿಗೆ ಕೇಳಿದಾಗ ‘ಎಷ್ಟು?’ ಎಂದಷ್ಟೇ ಕೇಳಿದೆ. ಅವರ ಬಳಿ ಕಾಫಿಟೇಬಲ್ ಪುಸ್ತಕವೂ ಇಲ್ಲ, ‘ಡೋನರ್ ರಿಲೇಷನ್ಸ್ ಮ್ಯಾನೇಜರ್’ ಕೂಡ ಇಲ್ಲ.

ದೇವರ ಭಯ ಇರುವ ಕಡೆ ಹಾಗೇ ಎನ್ನಬಹುದು ನೀವು. ಇರಲಿ. ಸಿದ್ಧಗಂಗಾ ಮಠದ ದಾಸೋಹಕ್ಕೆ ರಾಗಿಯನ್ನೋ ತೆಂಗನ್ನೋ ತರುವ ರೈತ ಅಲ್ಲೇ ಮಕ್ಕಳ ಜೊತೆ ಪ್ರಸಾದ ಮಾಡಿ, ಕೊಟ್ಟದ್ದು ಎಲ್ಲಿಗೆ ಹೋಯಿತೆಂದು ಕಣ್ಣಾರೆ ನೋಡಿ ಬರುತ್ತಾನೆ. ಮುಂದಿನ ಸುಗ್ಗಿಗೆ ಅವನನ್ನು ಯಾವ ಕಾಲ್ ಸೆಂಟರೂ ಎಬ್ಬಿಸಬೇಕಿಲ್ಲ.

ನಿಮ್ಮ ನುಣುಪು ಕಾಗದದ ವರದಿಯಲ್ಲೋ ಎಲ್ಲ ಮಕ್ಕಳೂ ನಗುತ್ತಿರುತ್ತಾರೆ, ಯಾವ ಯೋಜನೆಯೂ ಸೋಲುವುದಿಲ್ಲ. ಹಣ ಕೇಳದ ಒಂದೇ ಒಂದು ಪತ್ರ ಬರೆದು ನೋಡಿ. ‘ಸಂಜೆ ಶಾಲೆಗೆ ಗಣಿತದ ಮೇಷ್ಟ್ರು ಸಿಗಲಿಲ್ಲ, ನಿಮ್ಮ ದುಡ್ಡು ಹಾಗೇ ಇದೆ’ ಎಂದಿರಲಿ. ದುಡ್ಡು ವಾಪಸ್ ಕೇಳುತ್ತೇನೆಂದು ಹೆದರಬೇಡಿ. ನಿವೃತ್ತ ಮೇಷ್ಟ್ರೊಬ್ಬರು ನಮ್ಮ ಪಕ್ಕದ ಬೀದಿಯಲ್ಲೇ ಇದ್ದಾರೆ, ಮಾತಾಡಿಸುತ್ತೇನೆ.

ಈ ಸಲದ ಚೆಕ್ ಬೇರೆ ಅಂಚೆಯಲ್ಲಿ ಹೊರಟಿದೆ. ಹಿಂದಿನ ದೇಣಿಗೆಯ 10ಬಿಇ ಪ್ರಮಾಣಪತ್ರ ಮೇ 31ರೊಳಗೆ ಬರಬೇಕಿತ್ತು, ಬರಲಿಲ್ಲ. ತೆರಿಗೆಗೆ ನನಗದು ಬೇಡ. ಆದರೂ ಕಳಿಸಿ, ನಾನು ನಿಮ್ಮ ಲೆಕ್ಕದಲ್ಲಿ ಇದ್ದೇನೋ ಇಲ್ಲವೋ ತಿಳಿಯುತ್ತದೆ.

ಇತಿ,
ನಿಮ್ಮ ದಾನಿಗಳಲ್ಲೊಬ್ಬ