ಕೊನೆಕೊಯ್ಲಿನ ಕಾಲದ ಚಾರಣ

ಬೆಂಗಳೂರಿನ ನೆಂಟರಿಗೆ ನಮ್ಮ ಬೇಗಾರು ನೆನಪಾಗುವುದು ಡಿಸೆಂಬರಿನಲ್ಲಿ. ಆಷಾಢದಲ್ಲಿ ಕರೆಂಟು ಹೋಗಿ, ಹಾಸಿಗೆಗೆ ಬೂಸ್ಟು ಹಿಡಿದು, ನಾವು ಇಂಬಳ ಕೀಳುತ್ತ ಕೂತಿರುವಾಗ ಫೋನಿನಲ್ಲಿ ‘ಎಂಥ ಮಳೆ! ಪುಣ್ಯವಂತರು ನೀವು’ ಅನ್ನುತ್ತಾರೆ, ಅಷ್ಟೆ. ಮಳೆ ನಿಂತು, ಇಬ್ಬನಿ ಬೀಳತೊಡಗಿ, ಅಂಗಳಕ್ಕೆ ಅಡಿಕೆ ಬಂತು ಅನ್ನುವ ಹೊತ್ತಿಗೆ ಸರಿಯಾಗಿ ಕಾರು ಬಂದು ನಿಲ್ಲುತ್ತದೆ. ಇಳಿದವರ ಬೆನ್ನಿಗೆ ಚೀಲ, ಕೈಯಲ್ಲಿ ಮಡಚುವ ಕೋಲು, ಬಾಯಲ್ಲಿ ‘ಮಾವ, ನಾಳೆ ನರಸಿಂಹ ಪರ್ವತ!’

ಇತ್ತ ಕೊನೆ ತೆಗೆಯುವವನನ್ನು ಕಾದು ಕಾದು ಅಡಿಕೆ ಹಣ್ಣಾಗುತ್ತಿದೆ. ಕೊಯ್ದದ್ದನ್ನು ರಾತ್ರಿ ಸುಲಿಯಬೇಕು, ಸುಲಿದದ್ದನ್ನು ಹಂಡೆಯಲ್ಲಿ ಬೇಯಿಸಬೇಕು, ಚೊಗರಿನ ಹದ ನೋಡಬೇಕು. ಇಂಥ ಸುಗ್ಗಿಯಲ್ಲಿ ಮನೆಯ ಯಜಮಾನ ಗುಡ್ಡ ಹತ್ತಲು ಹೊರಟರೆ ಹೆಂಡತಿ ಏನೆಂದಾಳು? ಏನೂ ಅನ್ನಲಿಲ್ಲ. ಮೆಟ್ಟುಗತ್ತಿಯನ್ನು ಕೊಂಚ ಸದ್ದಾಗುವಂತೆ ನೆಲಕ್ಕಿಟ್ಟಳು.

ಅಳಿಯ ಅಮೆರಿಕದ ಡೆತ್ ವ್ಯಾಲಿ ಮರುಭೂಮಿಯಲ್ಲಿ ಚಳಿಗಾಲದ ಚಾರಣ ಮಾಡಿ ಬಂದವನು. ಅಲ್ಲಿ ವರ್ಷವಿಡೀ ಬೀಳುವ ಮಳೆ 50 ಮಿಲಿಮೀಟರಿನ ಆಸುಪಾಸು. ನಮ್ಮ ಪಕ್ಕದ ಆಗುಂಬೆಯದು 7000ದ ಲೆಕ್ಕ. ಅವರ ವರ್ಷದ ಮಳೆಯನ್ನು ನಮ್ಮ ಜುಲೈ, ಮಧ್ಯಾಹ್ನದ ಒಂದು ನಿದ್ದೆ ಮುಗಿಯುವುದರೊಳಗೆ ಸುರಿದು ಕೈತೊಳೆದುಕೊಳ್ಳುತ್ತದೆ. ಆದರೂ ಅಭ್ಯಾಸಬಲ; ಹುಡುಗ ಒಬ್ಬೊಬ್ಬರಿಗೂ ಕ್ಯಾನುಗಟ್ಟಲೆ ನೀರು ಹೊರಿಸಿದ.

ಅವನ ಚೀಲದಲ್ಲಿ ಬಿಸಿಲಿಗೆ ಹಚ್ಚುವ ಕ್ರೀಮಿತ್ತು. ನಾನು ಉಣುಗು ಹತ್ತದಂತೆ ಹಚ್ಚುವ ಡೆಪಾ ಎಣ್ಣೆಯ ಬಾಟಲಿ ಮುಂದಿಟ್ಟೆ. ಇಂಬಳವೇನೋ ಮರ್ಯಾದಸ್ಥ ಪ್ರಾಣಿ, ಹೊಟ್ಟೆ ತುಂಬಿದರೆ ತಾನೇ ಉದುರಿಕೊಳ್ಳುತ್ತದೆ. ಚಳಿಗಾಲದ ಉಣುಗು ಅಷ್ಟು ಮರ್ಯಾದೆಯದ್ದಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಕಡೆ ಮೊದಲು ಪತ್ತೆಯಾದ ಮಂಗನ ಕಾಯಿಲೆಯನ್ನು ದಾಟಿಸುವುದು ಅದೇ. ಕಾಯಿಲೆಯ ಕಾಲವೂ ಹೆಚ್ಚುಕಡಿಮೆ ಡಿಸೆಂಬರಿನಿಂದ ಮೇ. ಅಂದರೆ ಪ್ರವಾಸಿಗರದ್ದೂ ಉಣುಗಿನದ್ದೂ ಒಂದೇ ಸೀಸನ್ನು. ಇಷ್ಟು ಕೇಳಿದ ಮೇಲೆ ಸೊಸೆ ಆ ಎಣ್ಣೆಯನ್ನು ಬೂಟಿಗೂ ಹಚ್ಚಿಕೊಂಡಳು.

ಹತ್ತುವುದು ಕಿಗ್ಗದಿಂದ. ಅಲ್ಲಿರುವವನು ಋಷ್ಯಶೃಂಗೇಶ್ವರ, ಅಂಗದೇಶದ ಬರವನ್ನೇ ಕಳೆದ ಋಷಿಯ ಹೆಸರಿನ ದೇವರು. ಮಳೆ ಬಾರದಿದ್ದರೂ ಇವನಿಗೇ ಪೂಜೆ, ಬಂದದ್ದು ಅತಿಯಾದರೂ ಇವನಿಗೇ. ಎರಡು ಇಲಾಖೆಯನ್ನು ಒಬ್ಬನೇ ನೋಡಿಕೊಳ್ಳುವುದು ಸುಲಭವಲ್ಲ. ಅಂಗಳದ ತುಂಬ ಹರವಿದ್ದ ಅಡಿಕೆ ನೆನಪಾಗಿ ನಾನು ಎರಡನೆಯ ಇಲಾಖೆಗೆ ಅರ್ಜಿ ಹಾಕಿದೆ. ಅಳಿಯ ಪಕ್ಕದಲ್ಲಿ ನಿಂತು ‘ಚೂರು ಮೋಡ ಇದ್ರೆ ಫೋಟೋ ಚೆನ್ನಾಗಿ ಬರ್ತದೆ’ ಅಂದ. ದೇವಸ್ಥಾನದಲ್ಲಿ ಆಡುವ ಮಾತೇ ಅದು?

ನರಸಿಂಹ ಪರ್ವತ 1152 ಮೀಟರ್ ಎಂದಾಗ ‘ಇಷ್ಟೇನಾ’ ಎಂದಿದ್ದರು. ನಮ್ಮ ಜಿಲ್ಲೆಯಲ್ಲೇ ಇರುವ ಮುಳ್ಳಯ್ಯನಗಿರಿ 1930 ಮೀಟರ್. ಅದರ ಬಹುಪಾಲನ್ನು ಕಾರೇ ಹತ್ತುತ್ತದೆ. ಎತ್ತರಕ್ಕೂ ಏದುಸಿರಿಗೂ ಸಂಬಂಧವಿಲ್ಲ ಎಂಬುದು ಕಾಡು ಮುಗಿದು ಹುಲ್ಲಿನ ಬೋಳು ಶುರುವಾಗುವಲ್ಲಿ ಎಲ್ಲರಿಗೂ ತಿಳಿಯಿತು. ದಾರಿ ತೋರಿಸಲು ಬಂದವನು ಸೊಂಟಕ್ಕೆ ಕತ್ತಿ, ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಂಡು, ಬಾಯಲ್ಲಿ ಕವಳ ತುಂಬಿಕೊಂಡು ಮುಂದೆ ಹೋಗುತ್ತಿದ್ದ. ಬೂಟಿನವರು ಕೂತಾಗಲೆಲ್ಲ ಪಾಪ, ತಾನೂ ನಿಂತು ಉಗುಳುತ್ತಿದ್ದ.

ತುದಿಯಲ್ಲಿ ನಿಂತರೆ ಪಡುವಣಕ್ಕೆ ಘಟ್ಟ ಕಡಿದು ಬಿದ್ದು, ಕೆಳಗೆ ಕರಾವಳಿ ಮಬ್ಬಾಗಿ ಹರಡಿದೆ. ಆಗುಂಬೆ ಕಡೆ ಕಾಡು ಮಡಿಕೆ ಮಡಿಕೆ, ಒಂದಕ್ಕಿಂತ ಒಂದು ನೀಲಿ. ನಿಜ ಹೇಳಬೇಕೆಂದರೆ, ನೆಂಟರು ಬಾರದಿದ್ದರೆ ನಮ್ಮೂರಿನವರು ಯಾರೂ ಇದನ್ನು ನೋಡುವುದಿಲ್ಲ. ನಾವು ಗುಡ್ಡ ಹತ್ತುವುದು ಸೊಪ್ಪಿಗೆ, ಇಲ್ಲವೇ ತಪ್ಪಿಸಿಕೊಂಡ ದನಕ್ಕೆ.

ಇಳಿಯುತ್ತ ಅಳಿಯ ಕೇಳಿದ, ‘ಮಾವ, ನಾಳೆ ಕುಂದಾದ್ರಿ?’ ನಾನು ತಕ್ಷಣ ಒಪ್ಪಿದೆ. ಅಲ್ಲಿ ಪಾರ್ಶ್ವನಾಥನ ಬಸದಿಯಿದೆ, ಕಲ್ಲುಬಂಡೆಯ ನಡುವೆ ಕೊಳವಿದೆ, ಎಲ್ಲಕ್ಕಿಂತ ಮುಖ್ಯವಾಗಿ ತುದಿಯ ಹತ್ತಿರದವರೆಗೂ ರಸ್ತೆಯಿದೆ.

‘ಕಾರಲ್ಲಿ ಹೋದ್ರೆ ಅದು ಟ್ರೆಕ್ಕಿಂಗ್ ಆಗಲ್ಲ ಮಾವ.’

‘ಹಂಗಾರೆ ನೀ ನಡ್ಕಂಡು ಬಾ ಮಾರಾಯ. ಕಾರಿನ ಕೀ ನಂಗೆ ಕೊಡು.’